ರೋಬೋಟು ಗೀಚಿದ ನನ್ನ ಕೋಣೆ

ಮನುಷ್ಯನಾದವನಿಗೆ ಒಳಗಿನಿಂದ ಚಿಲಕ ಹಾಕಿಕೊಳ್ಳುವಂಥ ಒಂದು ಕೋಣೆ ಇರಲೇಬೇಕು ಎಂದು ನಂಬಿದವನು ನಾನು. ಬಚ್ಚಲುಮನೆ ಲೆಕ್ಕಕ್ಕಿಲ್ಲ, ಅಲ್ಲಿ ಕೂತರೂ ನಮ್ಮ ಮನೆಯವರು ಬಾಗಿಲಾಚೆಯಿಂದ ಮಾತಾಡಿಸುತ್ತಾರೆ. ತಾಳವಾಡಿಯಿಂದ ಸತ್ಯಮಂಗಲಕ್ಕೆ ಘಾಟಿ ಇಳಿಯುವ ಬಸ್ಸಿನಲ್ಲಿ ದಿನವಿಡೀ ಕನ್ನಡ, ತಮಿಳು ಎರಡು ಭಾಷೆಗಳಲ್ಲಿ ಕಿರುಚುವ ನನ್ನಂಥ ಕಂಡಕ್ಟರನಿಗೆ ಸಂಜೆಯಾದರೂ ಮೌನ ಬೇಡವೇ? ಅದಕ್ಕೇ ದೊಡ್ಡಗಾಜನೂರಿನಲ್ಲಿ ಹೊಸ ಮನೆ ಶುರುಮಾಡಿದಾಗ ನಕ್ಷೆಯ ಈಶಾನ್ಯ ಮೂಲೆಯಲ್ಲಿ, ಒಳ್ಳೆ ಬೆಳಕು ಬೀಳುವ ಕಡೆ, ನನಗೊಂದು ಕೋಣೆ ಹಾಕಿಸಿಕೊಂಡೆ.

ಭಯವಿದ್ದದ್ದು ಮೇಸ್ತ್ರಿಯ ದಾರದ್ದು. ನಮ್ಮಲ್ಲಿ ಗೋಡೆಗೆ ದಾರ ಹಿಡಿದು ಗುರುತು ಹಾಕುವ ದಿನ ನೆಂಟರೆಲ್ಲ ಬಂದು ನಿಲ್ಲುತ್ತಾರೆ. “ಅಡ್ಗೆಮನೆ ಇಕ್ಕಟ್ಟಾಯ್ತು, ಅರ್ಧ ಅಡಿ ಆಚ್ಗೆ ಎಳಿ ಕಣಪ್ಪ” ಎಂದು ಚಿಕ್ಕಮ್ಮ, “ರಾಗಿ ಮೂಟೆ ಎಲ್ಲಿ ಮಡಗೀಯೆ?” ಎಂದು ಮಾವ. ಎಲ್ಲರೂ ಎಳೆದು ಮುಗಿಸುವಷ್ಟರಲ್ಲಿ ನನ್ನ ಕೋಣೆಯಲ್ಲಿ ನಾನು ನಿಲ್ಲಬಹುದಿತ್ತೇ ಹೊರತು ಕೂರುವಂತಿರುತ್ತಿರಲಿಲ್ಲ. ಹಾಗಾಗಿ ಕೊಯಮತ್ತೂರಿನಲ್ಲಿ ಕಟ್ಟಡದ ಕೆಲಸದಲ್ಲಿರುವ ಬಾಮೈದ ಮಾದೇವನನ್ನು ಗೋಗರೆದು ರೋಬೋಟು ತರಿಸಿದೆ. ನಕ್ಷೆ ತುಂಬಿಸಿದರೆ ತಾನೇ ನೆಲದ ಮೇಲೆ ಓಡಾಡಿ ಗೆರೆ ಎಳೆಯುತ್ತದೆ. ಯಾವ ಚಿಕ್ಕಮ್ಮನ ಮಾತನ್ನೂ ಕೇಳುವುದಿಲ್ಲ!

ಕಾಂಕ್ರೀಟು ನೆಲದ ಮೇಲೆ ಅದು ಗುರ್ರೆಂದು ಓಡಾಡಿ ಇಡೀ ಮನೆಯನ್ನು ಬರೆದಾಗ ನೆಂಟರು ಬಾಯಿಬಿಟ್ಟುಕೊಂಡು ನಿಂತರು. ಗೆರೆಯ ಮೇಲೆ ಎಷ್ಟು ಗೌರವ ಅಂತೀರಿ! ಒಬ್ಬರೂ ಗೋಡೆ ದಾಟದೆ, ಬಾಗಿಲಿದ್ದ ಕಡೆಯೇ ಚಪ್ಪಲಿ ಬಿಟ್ಟು ಒಳಗೆ ಹೋದರು. ಗೆದ್ದೆ ಎಂದುಕೊಂಡು ಮಾದೇವನಿಗೆ ಟೀ ಕುಡಿಸಲು ಹೋದೆ. ಬಂದು ನೋಡುತ್ತೇನೆ, ನನ್ನ ಕೋಣೆಯ ನಟ್ಟನಡುವೆ ಅವ್ವ ವಿಭೂತಿ, ಹೂವಿಟ್ಟು ದೀಪ ಹಚ್ಚಿ ಕೂತಿದ್ದಾಳೆ.

“ಅವ್ವಾ, ಇದು ನನ್ನ ಕೋಣೆ!”

“ಈಶಾನ್ಯದಲ್ಲಿ ನಿಂಗ್ಯಾಕ್ಲಾ ಕೋಣೆ? ಶಿವ ಬಂದು ಕುಂತಾಯ್ತು, ಸುಮ್ಕಿರು.”

“ಅಳಿಸ್ಬುಟ್ಟು ಬೇರೆ ಗೆರೆ ಆಕ್ಬೋದು, ಅತ್ತೆ” ಎಂದ ಮಾದೇವ.

“ಗೆರೆ ನೀನು ಅಳಿಸ್ತೀಯ, ಸರಿ ಕಣಪ್ಪ. ಅಚ್ಚಿದ ದೀಪವ ಯಾರು ಆರಿಸೋರು?”

ಮಾದೇವ ರೋಬೋಟನ್ನು ಡಬ್ಬಿಗೆ ತುಂಬಿದ.

ಮನೆಯೇನೋ ಎದ್ದಿತು. ನಾನೂ ಬಿಡಲಿಲ್ಲ. ದಿನಾ ಸಂಜೆ ಕೈಕಾಲು ತೊಳೆದು, ಹಣೆತುಂಬ ವಿಭೂತಿ ಬಳಿದುಕೊಂಡು, ಪಂಚೆಯ ಮಡಿಕೆಯಲ್ಲಿ ಪೇಪರು ಬಚ್ಚಿಟ್ಟುಕೊಂಡು ದೇವರ ಮನೆ ಹೊಕ್ಕು ಚಿಲಕ ಹಾಕತೊಡಗಿದೆ. ಆಹಾ, ಏನು ನೆಮ್ಮದಿ! ನನ್ನ ಭಕ್ತಿ ಬೀದಿಯಲ್ಲೆಲ್ಲ ಹೆಸರಾಯಿತು. ಅದೇ ಎಡವಟ್ಟಾಯಿತು ನೋಡಿ. ಹೋದ ಸೋಮವಾರ ಅವ್ವ ಬಡಗಿಯನ್ನು ಕರೆಸಿ ಆ ಬಾಗಿಲಿನ ಚಿಲಕ ಕೀಳಿಸಿದಳು.

“ಇಷ್ಟೊಂದು ಭಕ್ತಿಯ ಒಬ್ನೇ ಮಡಿಕಂಡ್ರೆ ಎಂಗ್ಲಾ?” ಎಂದಳು.

ಈಗ ಅಲ್ಲಿ ದಿನಾ ಸಂಜೆ ಬೀದಿಯವರೆಲ್ಲ ಸೇರಿ ಭಜನೆ. ತಾಳ ಹಾಕುವವನು ನಾನೇ.