ಹಳದಿ ಬೆಲ್ಟು ಮತ್ತು ಓರೆ ಕಿಟಕಿ

ಅಳತೆಪಟ್ಟಿ ಹಿಡಿದವನಿಗೆ ಲೋಕವೆಲ್ಲ ಓರೆಯಾಗಿಯೇ ಕಾಣುತ್ತದೆ ಎಂಬುದನ್ನು ನಾನು ಸ್ವಂತ ಅನುಭವದಿಂದ ಹೇಳಬಲ್ಲೆ. ಎಂಬತ್ತರ ದಶಕದ ಮೊದಲಲ್ಲಿ ನಾನು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದೆ. ಪೊಲೀಸ್ ಇನ್‌ಸ್ಪೆಕ್ಟರ್ ಅಲ್ಲ. ಲೇತಿನಿಂದ ಬಂದ ಬಿಡಿಭಾಗಗಳನ್ನು ಅಳೆದು, ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಕೆಂಪು ಬಣ್ಣ ಬಳಿದು ‘ರಿಜೆಕ್ಟ್’ ಎನ್ನುವವನು. ನನ್ನ ಕೈಯಲ್ಲಿ ಹಾಗೆ ಅತಿ ಹೆಚ್ಚು ಅನ್ನಿಸಿಕೊಂಡವರು ಲೇತ್ ನಡೆಸುವ ಟರ್ನರ್ ನಂಜುಂಡಪ್ಪ. ಅವರೇ ಸಂಜೆ ಪಕ್ಕದ ಖಾಲಿ ಶೆಡ್ಡಿನಲ್ಲಿ ಕರಾಟೆ ಕಲಿಸುತ್ತಿದ್ದರು. ಹೊಟ್ಟೆ ಕರಗಲಿ ಎಂದು ನಾನೂ ಸೇರಿದೆ. ಬೆಳಗ್ಗೆ ನನ್ನ ಮುಂದೆ ಕೈಕಟ್ಟಿ ನಿಲ್ಲುವವರಿಗೆ ಸಂಜೆ ನಾನು ಸೊಂಟ ಬಗ್ಗಿಸಿ ನಮಸ್ಕರಿಸಬೇಕು. ಅದಕ್ಕೇನೂ ಬೇಸರವಿರಲಿಲ್ಲ. ತೊಂದರೆಯೆಂದರೆ, ಯುಗಾದಿಯೊಳಗೆ ಪರೀಕ್ಷೆ ಪಾಸಾಗಿ ಹಳದಿ ಬೆಲ್ಟು ತರುತ್ತೇನೆಂದು ಹೆಂಡತಿ ಸರೋಜಳ ಮುಂದೆ ಜಂಬ ಕೊಚ್ಚಿಬಿಟ್ಟಿದ್ದೆ.

ಪರೀಕ್ಷೆಗೆ ಕಟಾ ಮಾಡಿ ತೋರಿಸಬೇಕು. ಕಟಾ ಎಂದರೆ ಎದುರಿಗಿಲ್ಲದ ಶತ್ರುಗಳೊಡನೆ, ಗೊತ್ತುಪಡಿಸಿದ ಹೆಜ್ಜೆಗಳಲ್ಲೇ ಹೊಡೆದಾಡುವುದು. ನಾನು ಹೆಜ್ಜೆಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಕಾಲುಗಳ ಅಂತರ ಸರಿಯಿದೆಯೇ ಎಂದು ಸ್ಟೀಲ್ ಸ್ಕೇಲ್ ಇಟ್ಟು ನೋಡಿದೆ. ನಂಜುಂಡಪ್ಪ ಹಣೆ ಚಚ್ಚಿಕೊಂಡರು. “ಸಾರ್, ಅದು ಶಾಫ್ಟಲ್ಲ, ಕಾಲು. ಸ್ಕೇಲು ಆ ಕಡೆ ಮಡಗಿ. ಮೈಗೆ ಬಿಟ್ಬುಡಿ, ಅದೇ ಕಲೀತದೆ.”

ಮೈಗೆ ಬಿಡುವುದು ಹೇಗೆ? ಮನೆಗೆ ಬಂದರೆ ಸರೋಜ ರೇಡಿಯೋ ಕೇಳುತ್ತ ಮಲ್ಲಿಗೆ ಮಾಲೆ ಕಟ್ಟುತ್ತಿದ್ದಳು. ಕೈ ತನ್ನಷ್ಟಕ್ಕೆ ತಾನೇ ಓಡುತ್ತಿತ್ತು. “ದಾರವನ್ನ ಯಾವ ಬೆರಳಿಂದ ಸುತ್ತುತ್ತೀಯೆ?” ಎಂದೆ. ಅವಳು ಬೆರಳು ನೋಡಿಕೊಂಡಳು, ಗಂಟು ಸಡಿಲಾಗಿ ಹೂವೆಲ್ಲ ಮಡಿಲಿಗೆ ಉದುರಿತು. “ಅಯ್ಯೋ, ಚಿಕ್ಕ ಹುಡ್ಗಿಯಿಂದ ಕಟ್ತಿದ್ದೀನಿ, ನೀವು ಕೇಳಿದ್ಮೇಲೆ ಮರ್ತೇ ಹೋಯ್ತು ನೋಡಿ!” ಎಂದು ಗದರಿದಳು. ನನ್ನ ರೋಗವೇನೆಂದು ಆಗ ತಿಳಿಯಿತು, ಔಷಧ ತಿಳಿಯಲಿಲ್ಲ.

ಮೊದಲ ಪರೀಕ್ಷೆಯಲ್ಲಿ ಎಡವೋ ಬಲವೋ ಎಂದು ಯೋಚಿಸುತ್ತ, ಎಲ್ಲರಿಗೂ ಬೆನ್ನು ಹಾಕಿ, ಗೋಡೆಯೊಂದಿಗೆ ಜಗಳಕ್ಕೆ ನಿಂತೆ. ಸೇಡು ತೀರಿಸಿಕೊಳ್ಳಲು ನಂಜುಂಡಪ್ಪನವರಿಗೆ ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಅವರು ಹತ್ತಿರ ಬಂದು ಮೆಲ್ಲಗೆ, “ರಿಜೆಕ್ಟ್ ಅಲ್ಲ ಸಾರ್, ರೀವರ್ಕ್. ಇನ್ನೊಂದ್ ತಿಂಗ್ಳು ಮಾಡಾಣ” ಎಂದರು. ‘ತಿದ್ದಿ ತನ್ನಿ’ ಎಂದು ನಾನು ಅವರಿಗೆ ಒಮ್ಮೆಯೂ ಹೇಳಿರಲಿಲ್ಲ.

ಯುಗಾದಿಯ ಹಿಂದಿನ ಭಾನುವಾರ ಮತ್ತೆ ನಿಂತೆ. ಮೂರನೆಯ ಹೆಜ್ಜೆಯಲ್ಲಿ ಶೆಡ್ಡಿನ ಕಿಟಕಿ ಕಣ್ಣಿಗೆ ಬಿತ್ತು. ಚೌಕಟ್ಟು ಓರೆ! ಎಷ್ಟಿರಬಹುದು, ಐದು ಮಿಲಿಮೀಟರೇ, ಆರೇ? ಇದನ್ನು ಪಾಸು ಮಾಡಿದ ಪುಣ್ಯಾತ್ಮ ಯಾರು? ಅಷ್ಟರಲ್ಲಿ ಚಪ್ಪಾಳೆ ಕೇಳಿಸಿತು. ನೋಡಿದರೆ ಕಟಾ ಪೂರ್ತಿ ಮುಗಿದು, ನಾನು ಶುರು ಮಾಡಿದ ಜಾಗದಲ್ಲೇ ನೆಟ್ಟಗೆ ನಿಂತಿದ್ದೇನೆ. ನಂಜುಂಡಪ್ಪ ತಾವೇ ನನಗೆ ಹಳದಿ ಬೆಲ್ಟು ಬಿಗಿದು, “ಭೇಷ್! ಮನ್ಸು ಎಲ್ಲಿತ್ತು ಸಾರ್?” ಎಂದರು. ಗುರುವಿಗೆ ಸುಳ್ಳು ಹೇಳಬಾರದಲ್ಲ. “ಆ ಕಿಟಕಿ ಮೇಲೆ. ಆರು ಮಿಲಿಮೀಟರ್ ಓರೆ ಇದೆ” ಎಂದೆ.

ಗುರುವಿನ ಪ್ರೀತಿ ದೊಡ್ಡದು. ಮುಂದಿನ ತರಗತಿಗೆ ನಾನು ಹೋಗುವಷ್ಟರಲ್ಲಿ, ಸಾರ್ ಕಣ್ಣಿಗೆ ಚುಚ್ಚದಿರಲಿ ಎಂದು ಅವರು ಕಿಟಕಿಯನ್ನು ರೀವರ್ಕ್ ಮಾಡಿಬಿಟ್ಟಿದ್ದರು. ಅಳೆದು ನೋಡಿದೆ, ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಮನಸ್ಸು ಮತ್ತೆ ಕಾಲಿನ ಮೇಲೆ ಬಂದು ಕೂತಿತು. ಮುಂದಿನ ಬೆಲ್ಟು ನನಗೆ ಇಂದಿಗೂ ಸಿಕ್ಕಿಲ್ಲ.