ಸೂರಿಗೇರಿದ ಟೇಬಲ್ಲು

ಜಾಗ ಇಲ್ಲ ಅನ್ನೋ ಮಾತನ್ನು ನನ್ನ ಮುಂದೆ ಯಾರೂ ಆಡಕೂಡದು! ಮೂವತ್ತೊಂದು ವರ್ಷ ಮನೆ ಸಾಮಾನು ಸಾಗಿಸುವ ಲಾರಿಗೆ ಲೋಡು ಮಾಡಿದ ಕೈ ಇದು. ಎರಡು ಲಾರಿ ಬೇಕೇ ಬೇಕು ಎಂದು ಹಟ ಹಿಡಿದ ಸಂಸಾರಗಳನ್ನು ಒಂದೇ ಲಾರಿಯಲ್ಲಿ ಕೂರಿಸಿ, ಮಿಕ್ಕ ಮೂಲೆಯಲ್ಲಿ ನಾನೂ ಕಾಲು ಚಾಚಿ ನಿದ್ದೆ ಹೊಡೆದಿದ್ದೇನೆ. ಒಂದು ಪಿಯಾನೋದ ಹೊಟ್ಟೆಯೊಳಗೆ ಹದಿನಾಲ್ಕು ದಿಂಬು ತುರುಕಿದ್ದೇನೆ. ನಿವೃತ್ತನಾದ ದಿನ ನಮ್ಮ ಮಾಲೀಕರು ಎಲ್ಲರ ಎದುರಿಗೆ, "ವೆಂಡೆಲ್, ನೀನು ಸತ್ತರೂ ನಿನ್ನ ಶವಪೆಟ್ಟಿಗೆಯಲ್ಲಿ ಇನ್ನೊಬ್ಬರಿಗೆ ಜಾಗ ಮಾಡಿರ್ತೀಯ ಕಣಯ್ಯಾ" ಎಂದು ಹೊಗಳಿದರು. ಹೊಗಳಿಕೆ ಅಂತಲೇ ನಾನು ತಿಳಿದುಕೊಂಡಿದ್ದೇನೆ.

ಇಂಥ ನನ್ನನ್ನು ಒಂದು ಟೇಬಲ್ಲು ಆರು ವರ್ಷ ಕಾಡಿತು!

ನಮ್ಮ ಟ್ರೇಲರು ಮುಂದೆ ಮನೆ, ಹಿಂದೆ ಗ್ಯಾರೇಜು. ಅಗಲವಾದ ಹಿಂಬಾಗಿಲನ್ನು ನೆಲಕ್ಕೆ ಇಳಿಬಿಟ್ಟರೆ ಅದೇ ಇಳಿಜಾರು. ಮರಳಲ್ಲಿ ಓಡಿಸುವ ಬಗ್ಗಿಯನ್ನು ಅದರ ಮೇಲೆ ಹತ್ತಿಸಿ ಒಳಗೆ ನಿಲ್ಲಿಸಿ, ಪಿಕಪ್ಪಿಗೆ ಸಿಕ್ಕಿಸಿಕೊಂಡು, ನಮ್ಮೂರು ಹೆಮೆಟ್‌ನಿಂದ ನೂರ ಮೂವತ್ತು ಮೈಲಿ ದೂರದ ಮರಳು ದಿಬ್ಬಗಳಿಗೆ ಎಳೆದುಕೊಂಡು ಹೋಗುವುದು ನಮ್ಮ ಚಳಿಗಾಲದ ತೀರ್ಥಯಾತ್ರೆ. ಅಲ್ಲಿ ಬಗ್ಗಿ ಕೆಳಗಿಳಿಯಿತೋ, ಗ್ಯಾರೇಜೇ ಊಟದ ಮನೆ. ಸೂರಿಗೆ ಅಂಟಿಕೊಂಡ ಮಂಚವೊಂದಿದೆ. ಸ್ವಿಚ್ಚು ಒತ್ತಿದರೆ ಅದು ಮಹಾರಾಣಿಯ ಹಾಗೆ ಇಳಿದು ಬರುತ್ತದೆ, ಆಗ ಅದೇ ಮಲಗುವ ಮನೆ. ಎಲ್ಲಾ ಸರಿ, ಆದರೆ ಆ ಊಟದ ಟೇಬಲ್ಲು! ಆರಡಿ ಉದ್ದ, ಮೂರೂವರೆ ಅಡಿ ಅಗಲ, ಬೆಳೆದ ಕರುವಿನ ತೂಕ. ಕಾಲು ಬಿಚ್ಚಬಹುದು, ಮೈ ಮಡಚುವುದಿಲ್ಲ. ಬಗ್ಗಿ ಒಳಗಿರುವಾಗ ಈ ಪುಣ್ಯಾತ್ಮನನ್ನು ಎಲ್ಲಿಡುವುದು?

ಒಂದು ಸಲ ಸ್ನಾನದ ಮನೆಯಲ್ಲಿ ನಿಲ್ಲಿಸಿದೆ. ಅರ್ಧ ದಾರಿಯಲ್ಲಿ ನನ್ನ ಹೆಂಡತಿ ಡೋರೀನಳಿಗೆ ಅವಸರವಾಯಿತು. ಗಾಡಿ ನಿಲ್ಲಿಸಿ ನೋಡಿದರೆ ಟೇಬಲ್ಲು ಒಳಗಿನಿಂದ ಬಾಗಿಲಿಗೆ ಒರಗಿಕೊಂಡು ಚಿಲಕ ಹಾಕಿದಂತೆ ಕೂತುಬಿಟ್ಟಿದೆ. ಮುಂದಿನ ಪೆಟ್ರೋಲ್ ಬಂಕಿನವರೆಗೆ ಆಕೆ ತುಟಿ ಬಿಚ್ಚಲಿಲ್ಲ, ನಾನು ಬ್ರೇಕು ಮುಟ್ಟಲಿಲ್ಲ. ಇನ್ನೊಂದು ಸಲ ಫ್ರಿಜ್ಜಿಗೆ ಆನಿಸಿ ಕಟ್ಟಿದೆ. ಒಂದು ತಿರುವಿನಲ್ಲಿ ಟೇಬಲ್ಲೂ ಫ್ರಿಜ್ಜಿನ ಬಾಗಿಲೂ ಏನು ಮಾತಾಡಿಕೊಂಡವೋ, ಮೂರು ಡಜನ್ ಮೊಟ್ಟೆ ನೆಲ ಸೇರಿದವು. ಆ ಟ್ರೇಲರಿನಲ್ಲಿ ಈಗಲೂ ಬಿಸಿಲೇರಿದರೆ ಆಮ್ಲೆಟ್ಟಿನ ವಾಸನೆ.

ಹೀಗಿರುವಾಗ ಕಳೆದ ನವೆಂಬರಿನಲ್ಲಿ ಡೋರೀನ್ ಬಾಂಬು ಹಾಕಿದಳು.

"ಈ ಸಲ ಥ್ಯಾಂಕ್ಸ್‌ಗಿವಿಂಗ್ ಊಟ ನಮ್ಮದು. ದಿಬ್ಬದ ಹತ್ತಿರ, ಟ್ರೇಲರಿನಲ್ಲಿ. ಗ್ಲೆಂಡಾ ಬರ್ತಾಳೆ."

ಗ್ಲೆಂಡಾ ಅಂದರೆ ಡೋರೀನಳ ಅಕ್ಕ. ಹತ್ತೊಂಬತ್ತು ವರ್ಷದಿಂದ ಈ ಹಬ್ಬದ ಊಟ ಫೀನಿಕ್ಸಿನಲ್ಲಿ ಆಕೆಯ ಮನೆಯಲ್ಲೇ. ಹನ್ನೆರಡು ಜನ ಕೂರುವ ಓಕ್ ಮರದ ಟೇಬಲ್ಲು, ಪ್ರತಿ ತಟ್ಟೆಯ ಮುಂದೆ ಹೆಸರು ಬರೆದ ಚೀಟಿ. ನನ್ನ ಚೀಟಿ ಯಾವಾಗಲೂ ಕಸದ ಬುಟ್ಟಿಯ ಪಕ್ಕ. ಹತ್ತೊಂಬತ್ತು ವರ್ಷ ಡೋರೀನ್ ಅಲ್ಲಿ ಆಲೂಗಡ್ಡೆ ಸುಲಿದಿದ್ದಾಳೆ. ಒಂದು ಸಲವೂ, "ಈ ವರ್ಷ ನಿನ್ನ ಮನೇಲಿ ಮಾಡೋಣ್ವಾ?" ಅಂತ ಅಕ್ಕ ಕೇಳಿದವಳಲ್ಲ. ಈ ವರ್ಷ ಪೈಪು ಒಡೆದು ಆಕೆಯ ಅಡುಗೆಮನೆಯ ನೆಲ ಕಿತ್ತು ಹಾಕಿದ್ದರು. ದೇವರು ಕೊಟ್ಟ ಪೈಪು!

"ಅವಳು ಒಂದೇ ಮಾತು ಹೇಳಿದ್ದಾಳೆ, ವೆಂಡೆಲ್. 'ತೊಡೆ ಮೇಲೆ ಕಾಗದದ ತಟ್ಟೆ ಇಟ್ಕೊಂಡು ತಿನ್ನೋಕೆ ನಾನೇನು ಸರ್ಕಸ್ ನೋಡೋಕೆ ಬರ್ತಿಲ್ಲ. ಟೇಬಲ್ ಇರಬೇಕು. ಇಲ್ಲಾಂದ್ರೆ ಮುಂದಿನ ವರ್ಷದಿಂದ ಈ ಹಬ್ಬದ ಸುದ್ದಿಗೆ ನೀನು ಬರಬೇಡ' ಅಂದ್ಲು."

"ಅಷ್ಟೇನಾ?"

"ಅಷ್ಟೇ. ನಾನು ಇದೆ ಅಂದೆ. ಅಜ್ಜಿಯ ಟೇಬಲ್ ಮೇಲುಹಾಸು ಇಸ್ತ್ರಿ ಮಾಡ್ತೀನಿ ಅಂತಾನೂ ಅಂದೆ." ಮೆಲ್ಲಗೆ ಸೇರಿಸಿದಳು: "ಈ ಒಂದು ಸಲ ಸರಿಯಾಗಿ ನಡೀಲಿ ಕಣೋ."

ಎದೆ ತಟ್ಟಿಕೊಂಡೆ. "ನಿನ್ನ ಟೇಬಲ್ಲಿಗೆ ಒಂದು ಗೀರು ಬೀಳದೆ, ಒಂದು ಸದ್ದು ಬಾರದೆ, ಯಾರ ಕಣ್ಣಿಗೂ ಕಾಣದೆ ದಿಬ್ಬ ಸೇರಿಸ್ತೀನಿ. ಇದು ವೆಂಡೆಲ್ ಮಾತು!"

"ಯಾರ ಕಣ್ಣಿಗೂ ಕಾಣದೆ ಬೇಡ," ಅಂದಳು ಡೋರೀನ್. "ಗ್ಲೆಂಡಾ ಕಣ್ಣಿಗೆ ಕಂಡರೆ ಸಾಕು."

ಮೂರು ದಿನ ಟ್ರೇಲರಿನ ನೆಲದ ಮೇಲೆ ಅಂಗಾತ ಮಲಗಿ ಯೋಚಿಸಿದೆ. ಮೂರನೆಯ ದಿನ ಜ್ಞಾನೋದಯವಾಯಿತು. ನೆಲ ತುಂಬಿದೆ, ಗೋಡೆ ತುಂಬಿದೆ, ಸೂರು? ಸೂರಿಗಂಟಿದ ಮಂಚದ ಹೊಟ್ಟೆ ಖಾಲಿ! ಟೇಬಲ್ಲಿನ ಕಾಲು ಬಿಚ್ಚಿ, ಮಂಚದ ಅಡಿಗೆ ಒತ್ತಿ ಹಿಡಿದು, ನನ್ನ ಲಾರಿ ಕಾಲದ ಎರಡು ಬಿಗಿಪಟ್ಟಿಗಳಿಂದ ಮಂಚವನ್ನೂ ಟೇಬಲ್ಲನ್ನೂ ಸೇರಿಸಿ ಬಿಗಿದೆ. ಪಟ್ಟಿಯ ಬಕಲುಗಳು ಕೆಳಗೆ ಜೋತಾಡಿ ಯಾರ ತಲೆಗೂ ಬಡಿಯದಿರಲೆಂದು ಅವನ್ನು ಮೇಲ್ಗಡೆಗೆ, ಮಂಚದ ನಟ್ಟನಡುವೆ ತಂದು ಕೂರಿಸಿದೆ. ಎಂಥ ದೂರದೃಷ್ಟಿ! ಸ್ವಿಚ್ಚು ಒತ್ತಿದೆ. ಕೋಳಿಮರಿಯನ್ನು ರೆಕ್ಕೆಯಡಿ ಅವುಚಿಕೊಂಡ ಹೇಂಟೆಯಂತೆ ಮಂಚ ಟೇಬಲ್ಲನ್ನು ಅವುಚಿಕೊಂಡು ಮೇಲೇರಿತು. ಕೆಳಗೆ ಬಗ್ಗಿ ನಿಲ್ಲಿಸಿದರೂ ನಡುವೆ ನಾಲ್ಕು ಬೆರಳು ಜಾಗ! ಆಮೇಲೆ ಮಂಚ ಇಳಿಸಿ, ಹಾಸಿಗೆ ಹಾಸಿ, ದುಪ್ಪಟಿ ಹೊದಿಸಿ, ಮತ್ತೆ ಏರಿಸಿದೆ. ಹಾಸಿಗೆ ಹಾಸಿದ ಮೇಲೆ ಆ ಬಕಲುಗಳ ಗತಿಯೇನು ಎಂಬ ಪ್ರಶ್ನೆ ಆಗ ನನ್ನ ಬಳಿ ಸುಳಿಯಲಿಲ್ಲ. ಗೆದ್ದವನ ಬಳಿ ಪ್ರಶ್ನೆಗಳು ಸುಳಿಯುವುದಿಲ್ಲ.

ನೂರ ಮೂವತ್ತು ಮೈಲಿ. ಒಂದು ಕಿರ್ ಇಲ್ಲ, ಒಂದು ಕಟಕಟ ಇಲ್ಲ! ದಿಬ್ಬದ ಬಳಿ ಟ್ರೇಲರು ನಿಲ್ಲಿಸಿ ಬಗ್ಗಿ ಇಳಿಸಿದ ಮೇಲೆ, ಪಕ್ಕದ ಟ್ರೇಲರಿನ ನನ್ನ ಹಳೆಯ ಗೆಳೆಯ ರಮೀರೋನನ್ನು ಕರೆದು ಕೇಳಿದೆ:

"ನನ್ನ ಟೇಬಲ್ ಎಲ್ಲಿದೆ ಹೇಳು ನೋಡೋಣ."

ರಮೀರೋ ಸ್ನಾನದ ಮನೆ ನೋಡಿದ, ಫ್ರಿಜ್ಜಿನ ಹಿಂದೆ ನೋಡಿದ. "ಮಾರಿಬಿಟ್ಯಾ?"

ಸೂರಿನ ಕಡೆ ಬೆರಳು ತೋರಿದೆ. ಆತ ಟೋಪಿ ತೆಗೆದ. ಸಂಜೆಯೊಳಗೆ ಹನ್ನೊಂದು ಟ್ರೇಲರಿನ ಗಂಡಸರು ಬಂದು ಕತ್ತೆತ್ತಿ ನೋಡಿ ಹೋದರು. ಒಬ್ಬ ಫೋಟೋ ತೆಗೆದುಕೊಂಡ. ಇನ್ನೊಬ್ಬ ಹೆಂಡತಿಯನ್ನೇ ಕರೆತಂದು, "ನೋಡು, ಇದನ್ನ ತಲೆ ಅಂತಾರೆ" ಎಂದ. ನನ್ನ ಎದೆ ಅಂಗಿಯ ಗುಂಡಿಗಳಿಗೆ ಭಾರವಾಯಿತು.

ಮಾರನೆಯ ದಿನವೇ ಹಬ್ಬ. ಗ್ಲೆಂಡಾ ಮೂರು ಗಂಟೆಗೆ ಬರುವವಳು. ಎರಡೂವರೆಗೆ ಹೊರಗೆ ದೊಡ್ಡ ಕೊಪ್ಪರಿಗೆಯ ಕಡಲೆಕಾಯಿ ಎಣ್ಣೆಯಲ್ಲಿ ಟರ್ಕಿ ಕೋಳಿ ಹೊಂಬಣ್ಣಕ್ಕೆ ತಿರುಗುತ್ತಿತ್ತು, ಸುತ್ತ ಅಕ್ಕಪಕ್ಕದ ಟ್ರೇಲರಿನ ಗಂಡಸರು. ಡೋರೀನ್ ಇಸ್ತ್ರಿ ಮಾಡಿದ ಮೇಲುಹಾಸನ್ನು ಕೂಸಿನಂತೆ ತೋಳಿನ ಮೇಲೆ ಹಿಡಿದು, "ಟೇಬಲ್ ಇಳಿಸು" ಎಂದಳು.

ಮಂಚ ಇಳಿಸಿದೆ. ಬಕಲು ಬಿಚ್ಚಲು ಕೈ ಚಾಚಿದೆ. ಹಾಸಿಗೆ! ಬಕಲು ಹಾಸಿಗೆಯ ಕೆಳಗೆ, ಅದೂ ನಟ್ಟನಡುವೆ. ಹಾಸಿಗೆ ಹೊರಗೆ ಎಳೆಯೋಣವೆಂದರೆ ಅದರ ಅಂಚೆಲ್ಲ ಗೋಡೆಗಳ ನಡುವೆ ಬಿರಡೆಯಂತೆ ಕಚ್ಚಿಕೊಂಡಿದೆ. ಇರಲಿ, ವೀರನಿಗೆ ದಾರಿ ಒಂದೇ ಅಲ್ಲ. ನಾನು ಮಂಚ ಹತ್ತಿ ಬೋರಲು ಮಲಗಿ, ತಲೆ ಹಿಂಬಾಗಿಲ ಕಡೆ ಮಾಡಿ, ಎರಡೂ ಕೈ ಹಾಸಿಗೆಯಡಿ ತೂರಿಸಿದೆ. ಬಕಲು ಬಿಟ್ಟಾಗ ಟೇಬಲ್ಲು ಬೀಳದಿರಲೆಂದು ರಮೀರೋ ಕೆಳಗೆ ಬಾಗಿ ಬೆನ್ನು ಕೊಟ್ಟು ನಿಂತ. ಡೋರೀನ್ ಸ್ವಿಚ್ಚಿನ ಹತ್ತಿರ.

"ಲೇ, ನನ್ನ ಸೊಂಟ ಹೋಯ್ತು!" ಕೆಳಗಿನಿಂದ ರಮೀರೋ. "ಸ್ವಲ್ಪ ಮೇಲೆತ್ತಿಸು!"

"ಡೋರೀನ್, ಒಂದು ಗೇಣು ಮೇಲೆ!" ಎಂದೆ.

ಅವಳು ಒತ್ತಿದಳು. ಮಂಚ ಒಂದು ಗೇಣು ಏರಿತು. ಎರಡು ಗೇಣು ಏರಿತು.

"ಸಾಕು! ಸಾಕು!"

"ಬಿಟ್ಟಿದ್ದೀನಿ! ಇದು ನಿಲ್ತಾ ಇಲ್ಲ!"

ಮರಳು! ಆ ಊರಲ್ಲಿ ಕಾಫಿಯಲ್ಲಿ ಮರಳು, ಕಿವಿಯಲ್ಲಿ ಮರಳು, ಈಗ ಸ್ವಿಚ್ಚಿನ ಸಂದಿಯಲ್ಲೂ ಮರಳು. ಒತ್ತಿದ ಸ್ವಿಚ್ಚು ಒತ್ತಿಕೊಂಡೇ ಉಳಿಯಿತು. ನಾನು ಸಶರೀರನಾಗಿ ಸ್ವರ್ಗಾರೋಹಣ ಮಾಡತೊಡಗಿದೆ! ಬೆನ್ನಿಗೆ ಸೂರು ತಾಗಿತು, ಹೊಟ್ಟೆ ಹಾಸಿಗೆಯಲ್ಲಿ ಹೂತಿತು, ಮೋಟರು ಹೆರಿಗೆ ನೋವಿನವಳಂತೆ ನರಳಿತು, ಎಲ್ಲೋ 'ಟಪ್' ಎಂದು ಫ್ಯೂಸು ಹೋಯಿತು. ಆಮೇಲೆ ನಿಶ್ಶಬ್ದ. ಮೇಲೂ ಇಲ್ಲ, ಕೆಳಗೂ ಇಲ್ಲ, ತ್ರಿಶಂಕು. ನನ್ನ ತಲೆಯೊಂದು ಮಂಚದ ಅಂಚಿನಿಂದಾಚೆ ಗೋಡೆಗೆ ತೂಗುಹಾಕಿದ ಜಿಂಕೆ ತಲೆಯ ಹಾಗೆ.

"ಮಂಚ ಇಳಿಸೋಕೆ ಕೈಯಿಂದ ತಿರುಗಿಸೋ ಹಿಡಿ ಇರುತ್ತಲ್ಲ, ಎಲ್ಲಿಟ್ಟಿದ್ದೀಯ?" ಎಂದ ರಮೀರೋ, ಸೊಂಟ ನೀವಿಕೊಳ್ಳುತ್ತಾ.

"ಭದ್ರವಾದ ಜಾಗದಲ್ಲಿದೆ."

"ಎಲ್ಲಿ?"

"ಹಾಸಿಗೆ ಕೆಳಗೆ. ನನ್ನ ಮಂಡಿ ಹತ್ತಿರ."

"ಹೊಟ್ಟೆ ಸ್ವಲ್ಪ ಒಳಗೆಳ್ಕೊಂಡು ಜರುಗು ನೋಡೋಣ."

"ಮದುವೆಯಾದಾಗಿಂದ ಎಳ್ಕೊಂಡೇ ಇದ್ದೀನಿ ಕಣೋ!"

ರಮೀರೋ ಫ್ಯೂಸು ತರಲು ತನ್ನ ಬಗ್ಗಿಯಲ್ಲಿ ಅಂಗಡಿ ಸಾಲಿನ ಕಡೆ ಹಾರಿದ. ಅವನ ಧೂಳು ಇಳಿಯುವ ಮುಂಚೆ ಇನ್ನೊಂದು ಧೂಳು ಬಂದು ನಿಂತಿತು. ಗ್ಲೆಂಡಾ! ಮುತ್ತಿನ ಸರ, ಕೈಯಲ್ಲಿ ಕುಂಬಳಕಾಯಿಯ ಸಿಹಿ ಪೈ. ಹಿಂಬಾಗಿಲಿನ ಎದುರು ನಿಂತು ಖಾಲಿ ನೆಲ ನೋಡಿದಳು.

"ಡೋರೀನ್, ಟೇಬಲ್ ಎಲ್ಲಿ?"

ಡೋರೀನ್ ಮೇಲಕ್ಕೆ ಬೆರಳು ತೋರಿದಳು.

"ವೆಂಡೆಲ್ ಎಲ್ಲಿ?"

ಡೋರೀನ್ ಬೆರಳನ್ನು ಒಂದು ಗೇಣು ಇನ್ನೂ ಮೇಲಕ್ಕೆತ್ತಿದಳು.

"ಹಬ್ಬದ ಶುಭಾಶಯ, ಗ್ಲೆಂಡಾ!" ಎಂದೆ ನಾನು. "ನೂರ ಮೂವತ್ತು ಮೈಲಿ, ಒಂದು ಸದ್ದಿಲ್ಲ!"

ಗ್ಲೆಂಡಾ ಕತ್ತೆತ್ತಿ ನನ್ನನ್ನು ನೋಡಿದಳು. ಆಮೇಲೆ ಪೈಯನ್ನು ಕಾರಿನ ಕಡೆ ತಿರುಗಿಸಿದಳು. "ನನಗೆ ಗೊತ್ತಿತ್ತು. ಮುಂದಿನ ವರ್ಷ ನಮ್ಮನೇಲೇ. ನಾಲ್ಕು ಗಂಟೆಗೆ. ಆಲೂಗಡ್ಡೆ ಸುಲಿಯೋಕೆ ನೀನು ಎರಡಕ್ಕೇ ಬಾ."

ಡೋರೀನಳ ಗಲ್ಲ ಅದುರಿದ್ದು ನನಗೆ ಮೇಲಿನಿಂದ ಚೆನ್ನಾಗಿ ಕಂಡಿತು. ಎತ್ತರದಲ್ಲಿರುವವರಿಗೆ ಎಲ್ಲವೂ ಕಾಣುತ್ತದೆ, ಏನೂ ಮಾಡಲಾಗದು. ಎರಡೂ ಕೈ ಹಾಸಿಗೆಯಡಿ, ಕಣ್ಣೊರೆಸಲು ನನ್ನ ಕೈಯೇ ನನಗೆ ಸಿಗುವಂತಿಲ್ಲ.

ಆದರೆ ಡೋರೀನ್ ಅಳಲಿಲ್ಲ. ಖಾಲಿ ನೆಲ ನೋಡಿದಳು, ಇಳಿಜಾರಾಗಿ ಮರಳಿಗೆ ತಾಗಿದ್ದ ಹಿಂಬಾಗಿಲು ನೋಡಿದಳು. ಬಾಗಿಲ ಚೌಕಟ್ಟಿನ ಎರಡು ಬದಿಗೂ ಇದ್ದ ಉಕ್ಕಿನ ತಂತಿಗಳನ್ನು ಕೊಕ್ಕೆಯಿಂದ ಬಿಡಿಸಿ ಕೈಗೆ ತೆಗೆದುಕೊಂಡಳು.

"ಟರ್ಕಿ ಹತ್ರ ನಿಂತಿರೋ ಗಂಡಸರೆಲ್ಲ ಬನ್ನಿ ಇಲ್ಲಿ! ಈ ಬಾಗಿಲು ಎತ್ತಿ ಹಿಡೀರಿ. ಇನ್ನೂ ಮೇಲೆ. ಹಾಂ, ಮಟ್ಟಸ!"

"ಡೋರೀನ್!" ಮೇಲಿನಿಂದ ಕಿರುಚಿದೆ. "ಅದು ಬಾಗಿಲು! ಅದರ ಮೇಲೆ ಬಗ್ಗಿ ಹತ್ತುತ್ತೆ!"

"ಬಗ್ಗಿ ತೂಕ ಹೊರುತ್ತೆ ಅಂದ್ರೆ ಗ್ಲೆಂಡಾ ಮೊಣಕೈ ತೂಕಾನೂ ಹೊರುತ್ತೆ. ನೀನು ಸುಮ್ನಿರು, ತಲೆ ಮೇಲೆ ಜೊಲ್ಲು ಬೀಳಿಸ್ಬೇಡ."

ತಂತಿಗಳ ತುದಿಯನ್ನು ಬಾಗಿಲಿನ ಹೊರ ಅಂಚಿಗೆ ಸಿಕ್ಕಿಸಿದರು. ಬಾಗಿಲು ನೆಲದಿಂದ ಎರಡೂವರೆ ಅಡಿ ಎತ್ತರದಲ್ಲಿ, ಅಳತೆ ತೆಗೆದು ಮಾಡಿಸಿದ ಹಾಗೆ ಚಪ್ಪಟೆಯಾಗಿ ನಿಂತಿತು. ಎಂಟಡಿ ಅಗಲ, ಏಳಡಿ ಉದ್ದ! ಅದರ ಮೇಲೆ ಅಜ್ಜಿಯ ಮೇಲುಹಾಸು ಹರಡಿದಾಗ ಇನ್ನೂ ಜಾಗ ಉಳಿಯಿತು. ಟರ್ಕಿ ಬಂತು, ರಮೀರೋ ಮನೆಯ, ಮೆಕ್ಕೆಜೋಳದ ಕಡುಬಿನಂಥ ತಮಾಲೆಗಳ ಬುಟ್ಟಿ ಬಂತು, ಅಕ್ಕಪಕ್ಕದ ಟ್ರೇಲರಿನಿಂದ ಬೀನ್ಸು, ಬ್ರೆಡ್ಡು, ಕುರ್ಚಿಗಳು ಬಂದವು. ಸುತ್ತ ಹದಿನಾಲ್ಕು ಜನ, ಎದುರಿಗೆ ಬಿಸಿಲಿಗೆ ಬಂಗಾರವಾದ ದಿಬ್ಬ. ಫೀನಿಕ್ಸಿನ ಓಕ್ ಟೇಬಲ್ಲು ಇದರ ಮುಂದೆ ಮಣೆ!

ಗ್ಲೆಂಡಾ ಪೈ ಹಿಡಿದುಕೊಂಡೇ ಸುತ್ತ ಒಂದು ಪ್ರದಕ್ಷಿಣೆ ಬಂದಳು. ಮೇಲುಹಾಸಿನ ಅಂಚು ಮುಟ್ಟಿ ನೋಡಿದಳು. ಮುಷ್ಟಿಯಿಂದ ಬಾಗಿಲನ್ನು ಎರಡು ಸಲ ಗುದ್ದಿದಳು. ಆಮೇಲೆ ಪೈಯನ್ನು ನಟ್ಟನಡುವೆ ಇಟ್ಟು, ಕುರ್ಚಿ ಎಳೆದುಕೊಂಡು ಕೂತಳು.

ಅಷ್ಟರಲ್ಲಿ ರಮೀರೋ ಫ್ಯೂಸು ಹಿಡಿದು ಬಂದ. "ಸಿಕ್ತು! ಈಗಲೇ ಇಳಿಸ್ತೀನಿ ಅವನನ್ನ!"

ಡೋರೀನ್ ಫ್ಯೂಸನ್ನು ಇಸಿದುಕೊಂಡು ಅಡುಗೆಯಂಗಿಯ ಜೇಬಿಗೆ ಹಾಕಿಕೊಂಡಳು. "ಊಟ ಆರುತ್ತೆ. ಮೊದಲು ಪ್ರಾರ್ಥನೆ."

ನಮ್ಮಲ್ಲಿ ಉಣ್ಣುವ ಮುಂಚೆ ಒಬ್ಬೊಬ್ಬರೂ ತಾವು ಯಾವುದಕ್ಕೆ ಋಣಿ ಎಂದು ಹೇಳಬೇಕು. ರಮೀರೋ ತನ್ನ ಸೊಂಟ ಮುರಿಯದ್ದಕ್ಕೆ ಎಂದ. ಗ್ಲೆಂಡಾ ಗಂಟಲು ಸರಿಮಾಡಿಕೊಂಡು, "ಹತ್ತೊಂಬತ್ತು ವರ್ಷದಲ್ಲಿ ಮೊದಲನೇ ಸಲ ನಾನು ಕೂತು ಉಣ್ತಾ ಇದ್ದೀನಿ. ತಂಗಿ ಬಡಿಸ್ತಾ ಇದ್ದಾಳೆ. ಮುಂದಿನ ವರ್ಷಾನೂ ಇಲ್ಲೇ ಆಗಲಿ" ಎಂದಳು. ಡೋರೀನ್ ತಲೆ ತಗ್ಗಿಸಿ ಸೌಟು ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು.

ನನ್ನ ಸರದಿ. ಮೇಲಿನಿಂದ ಗಂಭೀರವಾಗಿ ನುಡಿದೆ: "ನಾನು ನನ್ನ ಬಿಗಿಪಟ್ಟಿಗಳಿಗೆ ಋಣಿ. ಟೇಬಲ್ಲು ಒಂದು ಕೂದಲೆಳೆ ಅಲುಗಿಲ್ಲ! ಬೇಕಾದರೆ ಯಾರಾದರೂ ಬಂದು ನೋಡಿ!" ಯಾರೂ ಏಳಲಿಲ್ಲ.

ಕೊನೆಗೆ ಡೋರೀನ್. ಕೈ ಜೋಡಿಸಿ, ಕಣ್ಣು ಮುಚ್ಚಿ, ಮುಖವನ್ನು ನನ್ನ ಕಡೆಗೆ ಎತ್ತಿದಳು. ನನ್ನ ಎದೆ ತುಂಬಿ ಬಂತು.

"ದೇವರೇ, ಈ ಟ್ರೇಲರಿನಲ್ಲಿ ಆರು ವರ್ಷದಿಂದ ನನ್ನ ಕಾಲಿಗೆ ಅಡ್ಡ ಬರ್ತಿದ್ದ ದೊಡ್ಡ ಸಾಮಾನು ಎರಡು. ಎರಡಕ್ಕೂ ಇವತ್ತು ಒಂದೇ ಕಡೆ ಜಾಗ ಮಾಡಿಕೊಟ್ಟಿದ್ದೀಯ. ನಿನಗೆ ಋಣಿ."

"ಆಮೆನ್!" ಅಂದರು ಎಲ್ಲರೂ. ಗ್ಲೆಂಡಾಳ ದನಿ ಎಲ್ಲರಿಗಿಂತ ಗಟ್ಟಿಯಾಗಿತ್ತು.