ಅಪ್ಪನ ಕಾರ್ಡಿನಲ್ಲಿ ನಾನು ಇದ್ದಷ್ಟು ದಿನ

ಮನೆ ಬಿಟ್ಟು ನಾನು ಮೊದಲ ಸಲ ಹೋದದ್ದು ಏಳನೇ ಕ್ಲಾಸಿನ ಲೆಕ್ಕದ ಪರೀಕ್ಷೆಯ ದಿನ, ಒಂದು ಸೋಮವಾರ. ಶಾಲೆ ಅವತ್ತಿಗೇ ಮುಗಿಯಿತು ಅಂದುಕೊಂಡಿದ್ದೆ. ನಾವು ಬಿಟ್ಟರೂ ಶಾಲೆಯ ಕಾಗದ ನಮ್ಮನ್ನು ಬಿಡುವುದಿಲ್ಲ. ನನ್ನಂಥವರಿಗೆ ಇಂಥದ್ದು ಆಗುತ್ತಲೇ ಇರುತ್ತದೆ.

೧. ಕೆಲಸವಿಲ್ಲದವನ ಹರ್ನಿಯಾ

ತೊಂಬತ್ತರ ದಶಕದ ನಡುವೆ, ಕೆ.ಆರ್. ಪೇಟೆಯ ಮಂಡಿಯಲ್ಲಿ ಬೆಲ್ಲದ ಮೂಟೆ ಹೊತ್ತೂ ಹೊತ್ತೂ ತೊಡೆಸಂದಿಯಲ್ಲಿ ನಿಂಬೆಹಣ್ಣಿನಷ್ಟು ಗಂಟು ಎದ್ದಿತು. ಪಾಂಡವಪುರದ ಮನೆಗೆ ಕುಂಟಿಕೊಂಡು ಬಂದೆ. ಅಪ್ಪ ಶ್ರೀರಂಗಪಟ್ಟಣದ ಹತ್ತಿರ ಒಂದು ಕಾರ್ಖಾನೆಯಲ್ಲಿದ್ದ. ಅಲ್ಲಿಯ ಆಸ್ಪತ್ರೆ ಕಾರ್ಡಿನಲ್ಲಿ ದುಡಿಮೆಯಿಲ್ಲದ ಮಗನಿಗೂ ಇಪ್ಪತ್ತೊಂದು ತುಂಬುವವರೆಗೆ ಬಿಟ್ಟಿ ಆಪರೇಷನ್ನು.

"ಮೂಟೆ ಗೀಟೆ ಅಂದೀಯೆ ಕಣ್ಲಾ, ಕೆಲ್ಸ ಇಲ್ಲ ಅನ್ನು," ಅಂತ ಅಪ್ಪ ದಾರಿಯುದ್ದಕ್ಕೂ ಪಾಠ ಹೇಳಿಕೊಟ್ಟ.

ಡಾಕ್ಟರು ಗಂಟು ಒತ್ತಿ ನೋಡಿ, "ಏನು ಕೆಲಸ ಮಾಡ್ತೀಯ?" ಅಂದರು.

"ಏನೂ ಇಲ್ಲ ಸಾರ್."

"ಏನೂ ಮಾಡ್ದೆ ಇಷ್ಟು ದಪ್ಪ ಹರ್ನಿಯಾ ಹೆಂಗೆ ಬಂತು?"

ಅಪ್ಪ ಮಧ್ಯೆ ಬಾಯಿ ಹಾಕಿದ: "ದಿನಾ ಮೈ ಮುರೀತಾನೆ ಸಾರ್, ಅದ್ರಲ್ಲೇ ಬಂದದೆ."

ಡಾಕ್ಟರು ನಗದೆ ಬರೆದುಕೊಂಡರು. ಜೂನ್ ಎರಡನೇ ವಾರ ಬಾ ಅಂದರು.

೨. ಕಿವಿ

ಅವ್ವನ ಪ್ರಕಾರ ನಾನು ಹುಟ್ಟಿದ್ದು ದೀಪಾವಳಿ ಮಾರನೇ ದಿನ. ಇಪ್ಪತ್ತೊಂದಕ್ಕೆ ಇನ್ನೂ ವರ್ಷದ ಮೇಲಿತ್ತು. ಕಾರ್ಡಿಗೆ ಹತ್ತಿದ್ದು ಶಾಲೆಯ ಪುಸ್ತಕದ ತಾರೀಕು; ಅದರ ಪ್ರಕಾರ ಬರೋ ಜೂನ್ ಒಂದಕ್ಕೇ ತುಂಬುತ್ತಿತ್ತು. ಅಪ್ಪ ನನ್ನನ್ನು ಎಳೆದುಕೊಂಡು ನಾಗಮಂಗಲದ ಕಡೆಯ ನಮ್ಮ ಹಳೇ ಊರಿಗೆ, ಹೆಡ್‌ಮಾಸ್ತರ ಮನೆಗೆ ಹೋದ.

"ತಾರೀಕು ತಿದ್ದಿಕೊಡಿ ಸಾಮಿ."

"ಊರಿನ ಮಕ್ಕಳೆಲ್ಲ ಜೂನ್ ಒಂದಕ್ಕೇ ಹುಟ್ಟವ್ರೆ. ನಿನ್ನ ಮಗ ಒಬ್ನೇ ಏನು ಹೆಚ್ಚು?"

"ವರ್ಷಾನೂ ಒಂದು ಜಾಸ್ತಿ ಆಗದೆ."

ಮಾಸ್ತರು ಕನ್ನಡಕ ತೆಗೆದರು. "ಕೈ ತಲೆ ಮೇಲಿಂದ ಬಂದು ಆ ಕಡೆ ಕಿವಿ ಮುಟ್ಟುದ್ರೆ ಮಾತ್ರ ವಯಸ್ಸಾಯ್ತು ಅಂತ ಒಂದನೇ ಕ್ಲಾಸಿಗೆ ಸೇರಿಸ್ಕೋತಿದ್ದೆ. ಇವನ ಕೈ ಎಟುಕ್ನಿಲ್ಲ. ಮನೇಲಿ ಇವನ ಕಾಟ ತಡೆಯಕಾಗಲ್ಲ ಅಂತ ಕಿವಿ ಹಿಡಿದು ಕೈ ತನಕ ಎಳೆದೋರು ಯಾರಯ್ಯ?"

ಅಪ್ಪ ತನ್ನ ಬಲಗೈಯನ್ನು ಜೇಬಿಗೆ ಹಾಕಿಕೊಂಡ.

೩. ರಗ್ಗು

ಜೂನ್ ಎರಡನೇ ತಾರೀಕು ಕಾರ್ಖಾನೆಯ ಗುಮಾಸ್ತ ಕಾರ್ಡಿನಲ್ಲಿ ನನ್ನ ಹೆಸರಿನ ಮೇಲೆ ಕೆಂಪು ಗೀಟು ಎಳೆದ.

"ನಿನ್ನೆಗಂಟ ಮಗ ಆಗಿದ್ನಲ್ಲ ಸಾರ್," ಅಂದ ಅಪ್ಪ.

"ಇವತ್ತೂ ಮಗನೇ ಕಣಯ್ಯ. ಕಾರ್ಡಿಗಷ್ಟೇ ಅಲ್ಲ."

ಇಷ್ಟು ವರ್ಷ ನಾನೇ ಕದ್ದು ಓಡಿಹೋಗುತ್ತಿದ್ದೆ. ಈ ಸಲ ಕಾಯಿದೆ ಪ್ರಕಾರ ಕಳಿಸಿದರು. ಮನೆಗೆ ಬಂದು ಬ್ಯಾಗು ತುಂಬತೊಡಗಿದೆ. ಅಪ್ಪ ಅದನ್ನು ಕಿತ್ತುಕೊಂಡು ಎತ್ತಿ ನೋಡಿದ. ರಗ್ಗನ್ನು ಎಳೆದು ಹೊರಗೆ ಎಸೆದ.

"ಭಾರ ಎತ್ತಬ್ಯಾಡ ಅಂದವ್ರೆ ಡಾಕ್ಟ್ರು. ಎಲ್ಲಿಗ್ಲಾ ಹೊಂಟೆ?"

"ಮಂಡಿಗೆ. ಮೂಟೆ ಹೊತ್ರೆ ತಾನೆ ಆಪರೇಷನ್ನಿಗೆ ದುಡ್ಡು?"

ಅಪ್ಪ ಬಗ್ಗಿ ರಗ್ಗು ಎತ್ತಿ, ಮಡಿಸಿ, ಬ್ಯಾಗಿಗೆ ತುರುಕಿದ.

"ತಕಂಡೋಗು. ಮೂಟೆ ಕೆಳಗೆ ಹೆಗಲಿಗೆ ಹಾಕ್ಕೊಳಕಾಯ್ತದೆ."